ಕುಳಿತುಕೊಳ್ಳುವ ಕಷ್ಟ

ಮನುಷ್ಯನ ಬೇನೆಗಳಲ್ಲಿ ಎರಡು ಜಾತಿಗಳುಂಟು. ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದವು ಒಂದು ಜಾತಿ, ಹೇಳಿಕೊಳ್ಳಲಾಗದವು ಇನ್ನೊಂದು. ತಲೆಶೂಲೆ, ಹಲ್ಲುನೋವು, ಮೊಣಕಾಲಿನ ಬಾಧೆ ಇವೆಲ್ಲ ಮೊದಲನೆಯ ಜಾತಿಗೆ ಸೇರಿದವು. ಹಲ್ಲುನೋವಿನವನು ಕಟ್ಟೆಯ ಮೇಲೆ ಬಂದು ಕುಳಿತರೆ ಸಾಕು, ಹಾದುಹೋಗುವ ಪ್ರತಿಯೊಬ್ಬರೂ ಲವಂಗವನ್ನೋ ಉಪ್ಪುನೀರನ್ನೋ ಸೂಚಿಸಿ ಮುಂದೆ ಸಾಗುತ್ತಾರೆ. ಅದರಿಂದ ಗುಣವಾಗಲಿ, ಆಗದಿರಲಿ, ಕೇಳುವವರಿದ್ದಾರೆಂಬ ಸಮಾಧಾನವಾದರೂ ದೊರೆಯುತ್ತದೆ. ಎರಡನೆಯ ಜಾತಿಯ ಬೇನೆಗೆ ಆ ಭಾಗ್ಯವಿಲ್ಲ. ಅದನ್ನು ಹೊತ್ತವರು ಸಭೆಯಲ್ಲಿ ನಗುತ್ತಾರೆ, ಮದುವೆಯ ಮನೆಯಲ್ಲಿ ಬಡಿಸುತ್ತಾರೆ, ಮಕ್ಕಳಿಗೆ ಪಾಠ ಹೇಳುತ್ತಾರೆ. ಬೇನೆಯ ಸುಳಿವು ಮಾತ್ರ ಯಾರಿಗೂ ಹತ್ತುವುದಿಲ್ಲ. ಈ ಎರಡನೆಯ ಜಾತಿಗೆ ಸೇರಿದ ಒಂದು ನರಬಾಧೆಯ ವಿಷಯವಾಗಿ ನಾಲ್ಕು ಮಾತು ಬರೆಯುವುದು ಇಲ್ಲಿಯ ಉದ್ದೇಶ. ನಮ್ಮ ಕಥೆಯನ್ನು ಹೇಳಿಕೊಂಡು ಕನಿಕರ ಸಂಪಾದಿಸಬೇಕೆಂಬ ಆಸೆ ನಮಗಿಲ್ಲ. ಇದೇ ಬಾಧೆಯನ್ನು ಸಹಿಸಿಕೊಂಡಿರುವ ಒಬ್ಬ ಸೋದರಿಗೋ ಸೋದರನಿಗೋ ಈ ಪುಟಗಳು ದಾರಿ ತೋರಿದರೆ ಸಾಕೆಂಬುದೇ ನಮ್ಮ ಅಪೇಕ್ಷೆ.

ನಮ್ಮ ಮನೆ ಸೊಲ್ಲಾಪುರ ಸೀಮೆಯ ಕಂದಲಗಾಂವದಲ್ಲಿ. ಗಡಿಭಾಗದ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವುದು ನಮ್ಮ ವೃತ್ತಿ. ಎರಡನೆಯ ಹೆರಿಗೆಯಾಗಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಈ ಬಾಧೆ ನಮ್ಮಲ್ಲಿ ಕಾಣಿಸಿಕೊಂಡಿತು. ಅದರ ಲಕ್ಷಣ ವಿಚಿತ್ರವಾದುದು. ನಿಂತರೆ ಸಹ್ಯ, ನಡೆದರೆ ಇನ್ನಷ್ಟು ಸಹ್ಯ, ಮಲಗಿದರೆ ಬಹುಮಟ್ಟಿಗೆ ಇಲ್ಲವೇ ಇಲ್ಲ. ಕುಳಿತೊಡನೆ ಮಾತ್ರ ಎರಡು ತೊಡೆಗಳ ಸಂದಿಯಲ್ಲಿ, ಆಸನದ ಮೂಳೆಗಳ ನಡುವೆ, ಬಲಗಡೆಗೆ ಒಂದು ಉರಿ ಹತ್ತಿಕೊಳ್ಳುತ್ತಿತ್ತು. ಅರ್ಧ ಗಂಟೆ ಕಳೆಯುವುದರೊಳಗೆ ಆ ಉರಿ ಸೂಜಿಯಾಗಿ ಚುಚ್ಚುತ್ತಿತ್ತು. ರಾತ್ರಿ ಮಾತ್ರ ಸುಖವಾಗಿ ನಿದ್ರೆ ಬರುತ್ತಿತ್ತು.

ಶಿಕ್ಷಕರ ವೃತ್ತಿ ನಿಂತು ಮಾಡುವ ವೃತ್ತಿಯೆಂದು ಜನ ತಿಳಿದಿರುತ್ತಾರೆ. ಅದರಲ್ಲಿ ಕುಳಿತು ಮಾಡುವ ಕೆಲಸ ಎಷ್ಟಿದೆಯೆಂಬುದು ಕುಳಿತುಕೊಳ್ಳಲಾಗದವರಿಗೇ ಗೊತ್ತು. ಉತ್ತರಪತ್ರಿಕೆಗಳನ್ನು ತಿದ್ದಬೇಕು, ಹಾಜರಿಯ ಲೆಕ್ಕ ಕೂಡಿಸಬೇಕು, ಬಿಸಿಯೂಟದ ದಾಖಲೆ ಬರೆಯಬೇಕು. ಕೇಂದ್ರದ ಸಭೆಯೆಂದರೆ ಇಡೀ ಮಧ್ಯಾಹ್ನ ಕುರ್ಚಿಯ ಮೇಲೆ. ಇದರ ಮೇಲೆ ಎಸ್.ಟಿ. ಬಸ್ಸಿನ ಪ್ರಯಾಣ. ಬಸ್ಸಿನಲ್ಲಿ ಜಾಗ ತೆರವಾದಾಗಲೂ ನಾವು ಕಂಬಿ ಹಿಡಿದು ನಿಂತೇ ಬರುತ್ತಿದ್ದೆವು. ವರ್ಗದಲ್ಲಿ ಕಿಟಕಿಯ ಮೇಲೆ ಪುಸ್ತಕವಿಟ್ಟು ನಿಂತು ತಿದ್ದುತ್ತಿದ್ದೆವು. ಒಂದು ದಿನ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು, "ಅಕ್ಕೋರೆ, ನೀವ್ಯಾಕ ಯಾವಾಗಲೂ ನಿಂತಿರ್ತೀರಿ? ನಿಮಗ್ಯಾರ ಶಿಕ್ಷಾ ಕೊಟ್ಟಾರ?" ಎಂದು ಕೇಳಿದಳು. ವರ್ಗವೆಲ್ಲ ನಕ್ಕಿತು, ನಾವೂ ನಕ್ಕೆವು. ಉತ್ತರ ಮಾತ್ರ ನಮ್ಮಲ್ಲಿರಲಿಲ್ಲ. ಆ ವರ್ಷದ ದೀಪಾವಳಿಯ ಹೊತ್ತಿಗೆ, ಸಂಬಳವಿಲ್ಲದ ರಜೆ ಪಡೆಯುವುದೋ, ನೌಕರಿಯನ್ನೇ ಬಿಡುವುದೋ ಎಂಬ ವಿಚಾರದವರೆಗೆ ಸಂಗತಿ ಬಂದು ನಿಂತಿತು.

ದವಾಖಾನೆಗಳಿಗೆ ಹೋಗದೆ ಇದ್ದವರೇನೂ ಅಲ್ಲ ನಾವು. ಒಂದೆಡೆ ಮೂಲವ್ಯಾಧಿಯೆಂದು ಮುಲಾಮು ದೊರೆಯಿತು. ಇನ್ನೊಂದೆಡೆ ಮೂತ್ರದ ಸೋಂಕೆಂದು ಎರಡು ಸಲ ಗುಳಿಗೆಗಳು ದೊರೆತವು. ಮೂತ್ರದ ಪರೀಕ್ಷೆಯಲ್ಲಿ ಸೋಂಕು ಕಂಡಿರಲಿಲ್ಲ. ಮತ್ತೊಂದೆಡೆ ಎಲ್ಲ ತಪಾಸಣೆಯೂ ನಿರ್ದೋಷವಾಗಿ ಬಂದುದರಿಂದ, ಬಾಳಂತಿಯ ಮನಸ್ಸಿನ ದಣಿವು ಇದೆಂದು ಹೇಳಿ ಕಳುಹಿಸಿದರು. ಇಲ್ಲಿ ಭಾಷೆಯ ತೊಡಕೊಂದು ಇತ್ತೆಂಬುದನ್ನು ಗಡಿಭಾಗದ ವಾಚಕರು ಬೇಗ ಗ್ರಹಿಸಿಯಾರು. ವೈದ್ಯರ ಮುಂದೆ ನಾವು ಮರಾಠಿಯಲ್ಲಿ ಮಾತಾಡಬೇಕಾಗುತ್ತಿತ್ತು. ಮರಾಠಿ ನಮಗೆ ಬಾರದ ಭಾಷೆಯಲ್ಲ. ಸಂತೆಯಲ್ಲಿ, ಕಚೇರಿಯಲ್ಲಿ, ತರಬೇತಿಯಲ್ಲಿ ದಿನವೂ ಆಡುವ ಭಾಷೆಯೇ. ಆದರೆ ಸಂಕೋಚದ ಅಂಗದ ನೋವನ್ನು ಹೇಳುವಾಗ ಬಾಯಿಗೆ ಬಂದುದು 'ದುಖತೆ' ಎಂಬ ಒಂದೇ ಶಬ್ದ. ನೋವಾಗುತ್ತದೆ ಎಂದಷ್ಟೇ ಅದರ ಅರ್ಥ. ಎಂಥ ನೋವು, ಯಾವಾಗ, ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ ಎಂಬುದೆಲ್ಲ ಆ ಒಂದು ಶಬ್ದದ ಹಿಂದೆಯೇ ಉಳಿಯಿತು.

ಕೊನೆಗೆ ಸೊಲ್ಲಾಪುರ ಪಟ್ಟಣದಲ್ಲಿ ಕನ್ನಡ ಬಲ್ಲ ವೈದ್ಯೆಯೊಬ್ಬರು ದೊರೆತರು. ಅವರು ನಮ್ಮ ಕಾಗದಗಳನ್ನು ಪಕ್ಕಕ್ಕಿಟ್ಟು, "ಹೆಂಗ ನೋಯ್ತದ, ನಿಮ್ಮ ಮಾತಿನ್ಯಾಗ ಹೇಳ್ರಿ" ಎಂದರು. ಆಗ ನಮ್ಮ ಬಾಯಿಂದ ಹೊರಟ ಶಬ್ದಗಳನ್ನು ಕೇಳಿ ನಮಗೇ ಆಶ್ಚರ್ಯವಾಯಿತು: ಉರಿಯುತ್ತದೆ, ಚುಚ್ಚುತ್ತದೆ, ಜುಮುಜುಮು ಎನ್ನುತ್ತದೆ, ಒಮ್ಮೊಮ್ಮೆ ಮಿಂಚು ಹರಿದಂತಾಗುತ್ತದೆ, ಒಳಗೆ ಏನೋ ಸಿಕ್ಕಿಕೊಂಡು ಕುಳಿತಂತಿದೆ. ವೈದ್ಯೆ ಒಂದೊಂದನ್ನೇ ಬರೆದುಕೊಂಡರು. ಸ್ನಾಯು ದಣಿದಾಗ ಬರುವ ನೋವು ಬೇರೆ, ನರ ಕೆರಳಿದಾಗ ಬರುವ ನೋವು ಬೇರೆ. ಸ್ನಾಯುವಿನ ನೋವು ಹಿಂಡುತ್ತದೆ, ಭಾರವಾಗುತ್ತದೆ. ನರದ ನೋವು ಸುಡುತ್ತದೆ, ಸಿಡಿಯುತ್ತದೆ ಎಂದು ತಿಳಿಸಿದರು. ಕನ್ನಡದಲ್ಲಿ ನೋವಿಗೆ ಇಷ್ಟು ಶಬ್ದಗಳಿರುವುದು ಕೇವಲ ನಿಘಂಟಿನ ಸಂಪತ್ತಲ್ಲ, ಅದು ಚಿಕಿತ್ಸೆಯ ಮೊದಲ ಮೆಟ್ಟಿಲೂ ಹೌದೆಂಬುದು ಆ ದಿನ ನಮಗೆ ಮನವರಿಕೆಯಾಯಿತು.

ಆ ವೈದ್ಯೆ ಹೇಳಿದ ನರದ ಹೆಸರು ಪುಡೆಂಡಲ್. ಇದು ಲ್ಯಾಟಿನ್ ಮೂಲದ ಶಬ್ದ. 'ನಾಚಿಕೆಪಡತಕ್ಕದ್ದು' ಎಂಬ ಅರ್ಥದ ಮಾತಿನಿಂದ ಹುಟ್ಟಿದುದು. ನಮ್ಮಲ್ಲಿ ಆ ಭಾಗಕ್ಕೆ 'ಗುಹ್ಯ'ವೆನ್ನುತ್ತಾರೆ. ಮರೆಯಾಗಿಡತಕ್ಕದ್ದೆಂದು ಆ ಸಂಸ್ಕೃತ ಶಬ್ದದ ಅರ್ಥ. ಯುರೋಪಿನ ಅಂಗರಚನಾಶಾಸ್ತ್ರಜ್ಞರಾಗಲಿ ನಮ್ಮ ಪೂರ್ವಿಕರಾಗಲಿ ಈ ಅಂಗಗಳಿಗೆ ಹೆಸರಿಡುವಾಗ ಅವುಗಳ ಕೆಲಸವನ್ನು ನೋಡಲಿಲ್ಲ, ಸಂಕೋಚವನ್ನೇ ನೋಡಿದರು. ಮಾನ ಮುಚ್ಚುವ ಬಟ್ಟೆಯಂತೆ ಮರ್ಯಾದೆಯ ಮಾತೂ ಸಮಾಜಕ್ಕೆ ಅವಶ್ಯವೇ ಸರಿ. ಆದರೆ ವೈದ್ಯರ ಮುಂದೆಯೂ ಅಂಗದ ಹೆಸರು ಬಾಯಿಗೆ ಬಾರದಿದ್ದರೆ ಆ ಮರ್ಯಾದೆಯ ಬೆಲೆಯನ್ನು ಶರೀರ ತೆರಬೇಕಾಗುತ್ತದೆ.

ಈ ಗುಹ್ಯನರದ ದಾರಿಯನ್ನು ತಿಳಿದುಕೊಂಡರೆ ಬಾಧೆಯ ಕಾರಣವೂ ಚಿಕಿತ್ಸೆಯ ಕ್ರಮವೂ ಸುಲಭವಾಗಿ ತಿಳಿಯುತ್ತವೆ. ಬೆನ್ನುಹುರಿಯ ಕೆಳತುದಿಯಿಂದ ಹೊರಟು ತ್ರಿಕಾಸ್ಥಿಯ ರಂಧ್ರಗಳಿಂದ ಹೊರಬರುವ ನರಮೂಲಗಳಲ್ಲಿ ಎರಡನೆಯ, ಮೂರನೆಯ, ನಾಲ್ಕನೆಯ ಮೂಲಗಳು ಕೂಡಿ ಈ ನರವಾಗುತ್ತದೆ. ಅದು ಕಟಿಯ ಹಿಂಬದಿಯಿಂದ ಹೊರಬಿದ್ದು, ಆಸನದ ಮೂಳೆಯ ಒಂದು ಮುಳ್ಳಿನಂಥ ಚಾಚಿಗೆ ಸುತ್ತಿಕೊಂಡು, ಎರಡು ಗಟ್ಟಿಯಾದ ಕಟ್ಟುನಾರುಗಳ ನಡುವೆ ನುಸುಳಿ, ಮತ್ತೆ ಒಳಗೆ ಬರುತ್ತದೆ. ಅಲ್ಲಿಂದ ಮುಂದೆ ಒಂದು ಇಕ್ಕಟ್ಟಾದ ಓಣಿ. ಅದನ್ನು ವರ್ಣಿಸಿದ 19ನೆಯ ಶತಮಾನದ ಐರಿಷ್ ಶಾಸ್ತ್ರಜ್ಞ ಬೆಂಜಮಿನ್ ಆಲ್ಕಾಕ್ ಅವರ ಹೆಸರಿನಿಂದ ಅದಕ್ಕೆ ಆಲ್ಕಾಕ್ ನಾಲೆಯೆನ್ನುತ್ತಾರೆ. ಆ ನಾಲೆಯನ್ನು ದಾಟುವಾಗ ನರ ಮೂರು ಕವಲಾಗಿ ಗುದದ್ವಾರಕ್ಕೂ, ಅದರ ಮುಂದಿನ ಭಾಗಕ್ಕೂ, ಜನನಾಂಗಕ್ಕೂ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಮಲಮೂತ್ರಗಳನ್ನು ತಡೆಹಿಡಿಯುವ ಸ್ನಾಯುಗಳನ್ನೂ ನಡೆಸುತ್ತದೆ. ಸೊಲ್ಲಾಪುರದ ಮಕ್ಕಳಿಗೆ ಮಗ್ಗ ಹೊಸದಲ್ಲ. ಹಣಿಗೆಯ ಒಂದು ಹಲ್ಲು ಒರಟಾಗಿದ್ದರೆ ಅದರಲ್ಲಿ ಹಾದುಹೋಗುವ ಎಳೆ ಪ್ರತಿಯೊಂದು ಬಡಿತಕ್ಕೂ ಉಜ್ಜಿ ಉಜ್ಜಿ ಜುಂಗಾಗುತ್ತದೆ. ಇಕ್ಕಟ್ಟಿನಲ್ಲಿ ಒತ್ತಲ್ಪಟ್ಟ ನರದ ಅವಸ್ಥೆಯೂ ಹೆಚ್ಚುಕಡಿಮೆ ಅದೇ.

ಒತ್ತಡಕ್ಕೆ ಕಾರಣಗಳು ಹಲವು. ಹೆರಿಗೆಯಲ್ಲಿ ನರ ಎಳೆಯಲ್ಪಡಬಹುದು. ದೀರ್ಘಕಾಲ ಗಟ್ಟಿ ಆಸನದಲ್ಲಿ ಕೂರುವುದು, ದಿನವೂ ದೂರ ಸೈಕಲ್ ತುಳಿಯುವುದು, ಬಹುಕಾಲದ ಮಲಬದ್ಧತೆಯಲ್ಲಿ ತಿಣುಕುವುದು, ಕುಂಡೆಯ ಮೇಲೆ ಬೀಳುವುದು, ಆ ಭಾಗದ ಶಸ್ತ್ರಕ್ರಿಯೆ, ಇವೆಲ್ಲ ಕಾರಣವಾಗಬಲ್ಲವು. ಈ ಬಾಧೆ ಸ್ತ್ರೀಯರಿಗಷ್ಟೇ ಮೀಸಲಲ್ಲ, ಪುರುಷರಿಗೂ ಬರುತ್ತದೆ. ಹಲವು ಸಲ ನರ ಸಿಕ್ಕಿಕೊಂಡಿರುವುದಕ್ಕಿಂತ, ಕಟಿಯ ತಳವನ್ನು ಜೋಳಿಗೆಯಂತೆ ಹೊತ್ತಿರುವ ಸ್ನಾಯುಗಳು ಸದಾ ಬಿಗಿದುಕೊಂಡಿರುವುದೇ ಮುಖ್ಯ ದೋಷವಾಗಿರುತ್ತದೆ. ಹಿಂದೊಡೆಯಿಂದ ಪಾದದವರೆಗೆ ಎಳೆಯುವ ಸಯಾಟಿಕಾ ಎಂಬ ಬಾಧೆಯನ್ನು ಇದರೊಡನೆ ಬೆರೆಸಬಾರದು. ಆ ನರ ಬೇರೆ, ಈ ನರ ಬೇರೆ.

ಇದನ್ನು ಗುರುತಿಸುವುದಕ್ಕೆ ರಕ್ತಪರೀಕ್ಷೆಯಾಗಲಿ ಒಂದು ಚಿತ್ರವಾಗಲಿ ಸಾಲದು. ಫ್ರಾನ್ಸ್ ದೇಶದ ನಾಂತ್ ಎಂಬ ಪಟ್ಟಣದಲ್ಲಿ 2006ರಲ್ಲಿ ತಜ್ಞರು ಕೂಡಿ ಐದು ಲಕ್ಷಣಗಳನ್ನು ನಿರ್ಣಯಿಸಿದರು. 2008ರಲ್ಲಿ ಅವು ಪ್ರಕಟವಾದವು. ನೋವು ಈ ನರದ ಸೀಮೆಯಲ್ಲಿಯೇ ಇರಬೇಕು, ಕುಳಿತಾಗ ಹೆಚ್ಚಬೇಕು, ರಾತ್ರಿ ನಿದ್ರೆಯಿಂದ ಎಬ್ಬಿಸಬಾರದು, ಪರೀಕ್ಷಿಸಿದಾಗ ಸ್ಪರ್ಶಜ್ಞಾನ ನಷ್ಟವಾಗಿರಬಾರದು, ನರದ ಬಳಿ ಮರವಳಿಕೆಯ ಮದ್ದನ್ನು ಚುಚ್ಚಿದಾಗ ನೋವು ಶಮನವಾಗಬೇಕು. ನಮ್ಮಲ್ಲಿ ಮೊದಲ ನಾಲ್ಕೂ ಕೂಡಿ ಬಂದವು. ಐದನೆಯದನ್ನು ಆಗಲೇ ಮಾಡಬೇಕಾಗಿಲ್ಲ, ಮೊದಲು ಅಂಗಸಾಧನೆಯ ಚಿಕಿತ್ಸೆ ನಡೆಯಲೆಂದು ಹೇಳಿ ವೈದ್ಯೆ ನಮ್ಮನ್ನು ಫಿಜಿಯೋಥೆರಪಿಯವರ ಕಡೆಗೆ ಕಳುಹಿಸಿದರು.

ಫಿಜಿಯೋಥೆರಪಿಯೆಂದರೆ ಮುರಿದ ಕೈಗೆ ವ್ಯಾಯಾಮ ಮಾಡಿಸುವುದೆಂದೇ ನಮ್ಮ ಕಡೆಯ ತಿಳುವಳಿಕೆ. ಭಾರತದಲ್ಲಿ ಈ ವಿದ್ಯೆಯ ವ್ಯವಸ್ಥಿತ ಶಿಕ್ಷಣ 1953ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭವಾಯಿತು. ಕಟಿತಳದ ಸ್ನಾಯುಗಳ ಚಿಕಿತ್ಸೆ ಅದರ ಒಂದು ಶಾಖೆ. ಅದರಲ್ಲಿ ವಿಶೇಷ ತರಬೇತಿಯಾದವರು ಸಣ್ಣ ಪಟ್ಟಣಗಳಲ್ಲಿ ವಿರಳ. ನಮಗೆ ದೊರೆತವರು ನಮಗಿಂತ ಕಿರಿಯ ವಯಸ್ಸಿನ ತರುಣಿ. ಮೊದಲ ದಿನ ಅವರು ನಮ್ಮನ್ನು ಮುಟ್ಟಲೇ ಇಲ್ಲ. ಕಟಿಯ ಮೂಳೆಗಳ ಒಂದು ಮಾದರಿಯನ್ನು ಮೇಜಿನ ಮೇಲಿಟ್ಟು ನರದ ದಾರಿಯನ್ನು ತೋರಿಸಿದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ, ಶಾಲೆಯಲ್ಲಿದ್ದಾಗ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ ಎಂದು ಕೇಳಿದರು. ಮುಂದಿನ ಸಲ, ಪರೀಕ್ಷೆಯ ಒಂದೊಂದು ಹೆಜ್ಜೆಯನ್ನೂ ಮೊದಲೇ ವಿವರಿಸಿ, ನಮ್ಮ ಒಪ್ಪಿಗೆಯನ್ನು ಕೇಳಿ, ಬೇಡವೆಂದರೆ ಯಾವ ಕ್ಷಣದಲ್ಲಿಯೂ ನಿಲ್ಲಿಸುವೆನೆಂದು ಹೇಳಿ ಕಟಿತಳದ ಸ್ನಾಯುಗಳನ್ನು ಬೆರಳಿನಿಂದ ಪರೀಕ್ಷಿಸಿದರು. ಬಲಗಡೆಯ ಸ್ನಾಯು ಹಗ್ಗದಂತೆ ಬಿಗಿದಿತ್ತು. ಅದನ್ನು ಮೆಲ್ಲಗೆ ಒತ್ತಿದಾಗ ನಮ್ಮ ಚಿರಪರಿಚಿತ ಉರಿ ಅಲ್ಲಿಂದಲೇ ಎದ್ದಿತು. ಇಷ್ಟು ತಿಂಗಳು ಯಾರಿಗೂ ಕಾಣದಿದ್ದ ಬೇನೆಗೆ ಒಂದು ಜಾಗ ಗೊತ್ತಾಯಿತು. ನಮ್ಮ ಕಣ್ಣಲ್ಲಿ ನೀರು ಬಂದುದು ನೋವಿನಿಂದಲ್ಲವೆಂದು ಆ ತರುಣಿಗೂ ತಿಳಿಯಿತು.

ಅದಕ್ಕೂ ಮೊದಲು ಹಿತೈಷಿಗಳೊಬ್ಬರು ಬಾಳಂತಿಯರಿಗೆಂದು ಕೀಗೆಲ್ ವ್ಯಾಯಾಮವನ್ನು ಹೇಳಿಕೊಟ್ಟಿದ್ದರು. ಅಮೇರಿಕೆಯ ವೈದ್ಯ ಆರ್ನಾಲ್ಡ್ ಕೀಗೆಲ್ 1948ರಲ್ಲಿ ಪ್ರಚುರಪಡಿಸಿದ ಈ ಅಭ್ಯಾಸದಲ್ಲಿ ಕಟಿತಳದ ಸ್ನಾಯುಗಳನ್ನು ಮೇಲಕ್ಕೆಳೆದು ಬಿಗಿಹಿಡಿಯುತ್ತಾರೆ. ನಮ್ಮ ಹಠಯೋಗದ ಮೂಲಬಂಧವೂ ಬಿಗಿಯುವ ಕ್ರಿಯೆಯೇ. ಸ್ನಾಯು ಸಡಿಲಾಗಿ ಮೂತ್ರ ತಡೆಯಲಾರದವರಿಗೆ ಕೀಗೆಲ್ ವ್ಯಾಯಾಮ ಬಹು ಉಪಕಾರಿ. ಮೊದಲೇ ಬಿಗಿದಿರುವ ಸ್ನಾಯುವನ್ನು ಮತ್ತೆ ಬಿಗಿದರೆ ಬಾಧೆ ಹೆಚ್ಚಬಹುದು, ನಮಗೆ ಹೆಚ್ಚಿತು. ಆ ತರುಣಿ ಅದನ್ನು ನಿಲ್ಲಿಸಿ, ಬಿಡುವುದನ್ನು ಕಲಿಸಿದರು. ಇದು ಶಿಕ್ಷಕರಿಗೆ ಅಪರಿಚಿತವಾದ ಪಾಠವಲ್ಲ. ಒಂದನೆಯ ಇಯತ್ತೆಗೆ ಹೊಸದಾಗಿ ಬಂದ ಮಗು ಬಳಪವನ್ನು ಉಗುರು ಬೆಳ್ಳಗಾಗುವಷ್ಟು ಬಿಗಿಹಿಡಿದು 'ಅ' ಬರೆಯುತ್ತದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ನೋಯುತ್ತದೆಂದು ಅಳುತ್ತದೆ. ಆಗ ನಾವು ಕೈಗೆ ಬಲ ಬರಲೆಂದು ಕಲ್ಲು ಎತ್ತಿಸುವುದಿಲ್ಲ. ಬೆರಳನ್ನು ಹಿಡಿದು, "ಸಡಿಲ ಬಿಡು, ಬಳಪ ಓಡಿಹೋಗಂಗಿಲ್ಲ" ಎನ್ನುತ್ತೇವೆ. ಚಿಕಿತ್ಸೆಯ ತಿರುಳು ಇದೇ ಆಗಿತ್ತು.

ಬಿಡುವುದಕ್ಕೆ ಸಾಧನ ಉಸಿರು. ಬೆನ್ನಿನ ಮೇಲೆ ಮಲಗಿ, ಮೊಣಕಾಲುಗಳನ್ನು ಮಡಿಸಿ, ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟು ಹೊಟ್ಟೆ ಏರುವಂತೆ ಉಸಿರೆಳೆದುಕೊಳ್ಳಬೇಕು. ಉಸಿರು ಒಳಗೆ ಬಂದಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಗಿಳಿಯುತ್ತದೆ. ಅದರೊಡನೆ ಕಟಿತಳದ ಸ್ನಾಯುವೂ ತುಸು ಕೆಳಗಿಳಿದು ಸಡಿಲಾಗುತ್ತದೆ. ಈ ಇಳಿತವನ್ನು ಗುರುತಿಸುವುದಕ್ಕೆ ನಮಗೆ ಎರಡು ವಾರ ಹಿಡಿಯಿತು. ಆಮೇಲೆ ಬಾಲಾಸನ, ಮೊಣಕಾಲುಗಳನ್ನು ಎದೆಗೆ ತಂದು ಅಗಲಿಸುವ ಅಭ್ಯಾಸ, ತೊಡೆಯ ಸಂದಿನ ಸ್ನಾಯುಗಳ ಮೆಲುವಾದ ಎಳೆತ. ವಾರಕ್ಕೊಮ್ಮೆ ಅವರು ಬಿಗಿದ ಸ್ನಾಯುವನ್ನು ಕೈಯಿಂದ ಸಡಿಲಿಸುತ್ತಿದ್ದರು. ಎಳೆತ ನರವನ್ನು ಕೆರಳಿಸುವಷ್ಟಾಗಬಾರದು, ನೋವು ಹೆಚ್ಚಿದರೆ ಹಿಂದೆ ಸರಿಯಬೇಕು ಎಂಬುದು ಅವರ ಕಟ್ಟುನಿಟ್ಟು. ಇದರೊಡನೆ ಮಲಬದ್ಧತೆಯಾಗದಂತೆ ಜೋಳದ ರೊಟ್ಟಿ, ಸೊಪ್ಪು, ಸಾಕಷ್ಟು ನೀರು, ಶೌಚದಲ್ಲಿ ತಿಣುಕದಿರುವುದು, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು.

ಕೂರುವುದಕ್ಕೆ ವಿಶೇಷ ದಿಂಬುಗಳುಂಟು. ನಡುವೆ ತಗ್ಗಿದ್ದು, ದೇಹದ ಭಾರ ಎರಡು ಆಸನದ ಮೂಳೆಗಳ ಮೇಲೆಯೇ ಬೀಳುವಂತೆ ಅವುಗಳ ರಚನೆ. ಅಂಗಡಿಯಲ್ಲಿ ಅದರ ಬೆಲೆ ಕೇಳಿ ನಾವು ಹಿಂದೆ ಬಂದೆವು. ಮನೆಯಲ್ಲಿ ಹಳೆಯ ಕೌದಿಯೊಂದನ್ನು ಎರಡು ತುಂಡು ಮಾಡಿ ಸುತ್ತುತ್ತ ಕುಳಿತಾಗ ನಮ್ಮ ಅತ್ತೆಯವರು ಬಂದು, ಇದೇನೆಂದು ಕೇಳಿದರು. ಮೂಳೆ ಎಲ್ಲಿ, ತಗ್ಗು ಎಲ್ಲಿ, ನೋವು ಎಲ್ಲಿ ಎಂದು ನಾವು ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅತ್ತೆಯವರು ತಾರುಣ್ಯದಲ್ಲಿ ಸೊಲ್ಲಾಪುರದಲ್ಲಿದ್ದು, ತೊಡೆಯ ಮೇಲೆ ಮೊರವಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಬೀಡಿ ಕಟ್ಟಿದವರು. "ನನಗೂ ಹಿಂಗ ಇತ್ತವಾ. ನಿನ್ನ ಗಂಡ ಹುಟ್ಟಿದ ಮ್ಯಾಲಿಂದ. ಬೀಡಿ ಕಟ್ಟೂಮುಂದ ಒಂದ ಮಗ್ಗಲಾಗಿ ಕೂಡ್ತಿದ್ದೆ. ಯಾರ ಮುಂದ ಹೇಳಬೇಕಿತ್ತು?" ಎಂದರು. ಅವರಿಗಿದ್ದುದು ಇದೇ ಬಾಧೆಯೋ ಬೇರೆಯೋ ಎಂದು ಈಗ ಪರೀಕ್ಷಿಸಿ ಹೇಳುವವರಿಲ್ಲ. ಅವರು ನಮ್ಮ ಕೈಯಿಂದ ಕೌದಿಯನ್ನು ತೆಗೆದುಕೊಂಡು, ಎರಡು ಗಟ್ಟಿ ಸುರುಳಿಗಳನ್ನು ಮಾಡಿ, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಕೆಳಗೊಂದು ಪಟ್ಟಿ ಹಾಕಿ ಹೊಲಿದರು. ಶಾಲೆಯ ನಮ್ಮ ಕುರ್ಚಿಯ ಮೇಲೆ ಇಂದಿಗೂ ಅದೇ ಇದೆ.

ಗುಣ ಒಮ್ಮೆಲೇ ಬರಲಿಲ್ಲ. ಮೂರು ತಿಂಗಳಿಗೆ ಅರ್ಧ ಗಂಟೆ ಬಾಧೆಯಿಲ್ಲದೆ ಕೂರುವಷ್ಟಾಯಿತು. ಎಂಟು ತಿಂಗಳಿಗೆ ಒಂದು ಗಂಟೆ. ನಡುವೆ ಮೂರು ದಿನಗಳ ತರಬೇತಿಯೊಂದರಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತುದರಿಂದ ತಿಂಗಳ ದುಡಿತವೆಲ್ಲ ಹಿಂದೆ ಸರಿದಂತಾಯಿತು. ಈಗಲೂ ದೂರದ ಬಸ್ಸಿನ ಪ್ರಯಾಣ ಕಷ್ಟವೇ. ನೌಕರಿ ಮಾತ್ರ ಉಳಿಯಿತು. ಇಂಥ ಬಾಧೆಯಲ್ಲಿ 'ಪೂರ್ತಿ ಗುಣ' ಎಂಬ ಮಾತಿಗಿಂತ 'ಇಂದು ಇಷ್ಟು ಹೊತ್ತು ಕೂತೆ' ಎಂಬ ಲೆಕ್ಕ ಹೆಚ್ಚು ಸತ್ಯವಾದುದೆಂದು ನಮ್ಮ ಅನುಭವ.

ಅಂಗಸಾಧನೆಯಿಂದ ಸಾಕಷ್ಟು ಪ್ರಯೋಜನವಾಗದವರಿಗೆ ಬೇರೆ ಮಾರ್ಗಗಳೂ ಉಂಟು. ಸಾಮಾನ್ಯ ನೋವಿನ ಗುಳಿಗೆಗಳು ನರಬಾಧೆಗೆ ಹೆಚ್ಚು ಫಲ ಕೊಡುವುದಿಲ್ಲ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಮೊದಲಾದ ಔಷಧಗಳು ಕೆರಳಿದ ನರದ ಸಂದೇಶಗಳನ್ನು ತಗ್ಗಿಸುತ್ತವೆ. ಇವುಗಳಲ್ಲಿ ಕೆಲವು ಖಿನ್ನತೆಗೂ ಅಪಸ್ಮಾರಕ್ಕೂ ಕೊಡತಕ್ಕವು. ಚೀಟಿಯಲ್ಲಿ ಅವನ್ನು ಕಂಡು ತನಗೆ ಹುಚ್ಚೆಂದು ತಿಳಿದರೆಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ತೂಕಡಿಕೆ, ತಲೆಸುತ್ತು ಬರುವುದುಂಟು. ಆದುದರಿಂದ ಅಲ್ಪ ಪ್ರಮಾಣದಿಂದ ಆರಂಭಿಸುತ್ತಾರೆ. ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಲಾಗದು. ನಾವು ಆರು ತಿಂಗಳು ರಾತ್ರಿ ಒಂದು ಸಣ್ಣ ಗುಳಿಗೆ ತೆಗೆದುಕೊಂಡೆವು. ಅದು ವ್ಯಾಯಾಮಕ್ಕೆ ಒತ್ತಾಸೆಯಾಯಿತು.

ಮುಂದಿನದು ಸೂಜಿಮದ್ದು. ಯಂತ್ರದ ಚಿತ್ರವನ್ನು ನೋಡುತ್ತ ನರದ ಸಮೀಪಕ್ಕೆ ಸೂಜಿ ಒಯ್ದು ಮರವಳಿಕೆಯ ಮದ್ದನ್ನು ಹಾಕುತ್ತಾರೆ. ಇದರಿಂದ ರೋಗನಿರ್ಣಯವೂ ಆಗುತ್ತದೆ, ಕೆಲವರಿಗೆ ಸ್ವಲ್ಪ ಕಾಲ ಉಪಶಮನವೂ ದೊರೆಯುತ್ತದೆ. ಅದರೊಡನೆ ಸ್ಟಿರಾಯ್ಡ್ ಬೆರೆಸುವುದರಿಂದ ಹೆಚ್ಚಿನ ಲಾಭವಿಲ್ಲವೆಂದು 2017ರಲ್ಲಿ ಪ್ರಕಟವಾದ ಫ್ರೆಂಚ್ ಪ್ರಯೋಗವೊಂದು ತೋರಿಸಿತು. ಬಿಗಿದ ಸ್ನಾಯುವಿಗೆ ಬೊಟುಲಿನಮ್ ಚುಚ್ಚುವುದು, ರೇಡಿಯೋ ತರಂಗಗಳಿಂದ ನರವನ್ನು ಶಾಂತಗೊಳಿಸುವುದು, ಇವೂ ದೊಡ್ಡ ನಗರಗಳ ನೋವುಚಿಕಿತ್ಸೆಯ ಕೇಂದ್ರಗಳಲ್ಲಿ ದೊರೆಯುತ್ತವೆ. ಕೊನೆಯದು ಶಸ್ತ್ರಕ್ರಿಯೆ. ನಿಜವಾಗಿ ಸಿಕ್ಕಿಕೊಂಡ ನರವನ್ನು ಬಿಡಿಸುವ ಕ್ರಮವನ್ನು ಅದೇ ನಾಂತ್ ಪಟ್ಟಣದ ಶಸ್ತ್ರವೈದ್ಯ ರೋಜೆ ರೊಬೆರ್ ಮತ್ತು ಸಂಗಡಿಗರು 32 ರೋಗಿಗಳಲ್ಲಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಬಳಿಕ, ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ಸುಮಾರು 71 ಜನ ಸುಧಾರಿಸಿದ್ದರು. ಆಗದವರಲ್ಲಿ ನೂರಕ್ಕೆ ಸುಮಾರು 13 ಜನ. ಫಲ ಗಣನೀಯವೇ; ಆದರೆ ಆ ಸಂಖ್ಯೆ ಸಣ್ಣದು. ಶಸ್ತ್ರಕ್ರಿಯೆಯಾದವರೆಲ್ಲರೂ ಗುಣ ಹೊಂದಲಿಲ್ಲವೆಂಬುದನ್ನೂ ಮರೆಯಬಾರದು. ಆದುದರಿಂದಲೇ ಬಲ್ಲವರು ಅಂಗಸಾಧನೆಯಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಆಸನದ ಭಾಗವೆಲ್ಲ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು, ಕಾಲು ಸೋಲುವುದು, ಇವು ಕಂಡರೆ ಅದು ಬೆನ್ನೆಲುಬಿನೊಳಗಿನ ನರಗಳ ತುರ್ತು ಸ್ಥಿತಿಯಾಗಿರಬಹುದು. ಆ ಗಂಟೆಯೇ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ನಿದ್ರೆಯಿಂದ ಎಬ್ಬಿಸುವ ನೋವು, ಜ್ವರ, ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಿದ್ದರೂ ಬೇರೆ ರೋಗವನ್ನು ಶೋಧಿಸಬೇಕು. ಸೊಲ್ಲಾಪುರದಲ್ಲಿ 1963ರಲ್ಲಿ ಸ್ಥಾಪನೆಯಾದ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಅದಕ್ಕೆ ಕೂಡಿದ ಸರಕಾರಿ ಆಸ್ಪತ್ರೆಯೂ ಇವೆಯೆಂಬುದನ್ನು ನಮ್ಮ ಹಳ್ಳಿಯವರು ನೆನಪಿಡುವುದು ಒಳಿತು.

ಇನ್ನು ಶಾಲೆಯ ಮಾತು. ಶಾಲೆಯಲ್ಲಿದ್ದಾಗ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರೆಂದು ಆ ತರುಣಿ ಕೇಳಿದ ಪ್ರಶ್ನೆಗೆ ನಮ್ಮ ಉತ್ತರ, ಒಮ್ಮೆಯೂ ಇಲ್ಲ ಎಂದಾಗಿತ್ತು. ನಾವು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಗೃಹಕ್ಕೆ ನೀರಿಲ್ಲದೆ ಬೀಗ ಬಿದ್ದಿತ್ತು. ಶಿಕ್ಷಕಿಯರೂ ಹುಡುಗಿಯರೂ ಮುಂಜಾನೆಯಿಂದ ಸಂಜೆಯವರೆಗೆ ನೀರು ಕುಡಿಯದೆ, ಬಿಗಿಹಿಡಿದು ದಿನ ಕಳೆಯುತ್ತಿದ್ದೆವು. ಹೀಗೆ ವರ್ಷಾನುಗಟ್ಟಲೆ ತಡೆಹಿಡಿಯುವ ರೂಢಿ ಕಟಿತಳದ ಸ್ನಾಯುಗಳಿಗೆ ಬಿಗಿಯನ್ನೇ ಕಲಿಸುತ್ತದೆ. ಮಲಬದ್ಧತೆ, ಮೂತ್ರದ ಸೋಂಕುಗಳಿಗೂ ದಾರಿಯಾಗುತ್ತದೆ. ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಗೃಹವಿರಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾನೂನಿನ ಅನುಸೂಚಿಯಲ್ಲಿಯೇ ಬರೆದಿದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲೆಂದು ಬಾರಿಸತೊಡಗಿದ 'ನೀರಿನ ಗಂಟೆ'ಯನ್ನು ಕರ್ನಾಟಕವೂ ಅನುಸರಿಸಿತು. ನೀರಿನ ಗಂಟೆ ಒಳ್ಳೆಯದೇ. ಆದರೆ ಕುಡಿದ ನೀರಿಗೆ ಹೋಗಲು ಬಾಗಿಲು ತೆರೆದಿರಬೇಕಲ್ಲವೇ? ಪಾಠದ ನಡುವೆ ಬೆರಳೆತ್ತಿದ ಮಗುವನ್ನು "ಗಂಟೆ ಆಗಲಿ, ತಡಿ" ಎಂದು ಕೂರಿಸದಿರುವುದು ಶಿಕ್ಷಕರಿಗೆ ಒಂದು ಕಾಸಿನ ಖರ್ಚೂ ಇಲ್ಲದ ಆರೋಗ್ಯಸೇವೆ.

ಅದಕ್ಕೂ ಮಿಗಿಲಾದ ಒಂದು ಕೆಲಸ ಭಾಷೆಯನ್ನು ಕಲಿಸುವ ನಮಗೆ ಉಳಿದಿದೆ. ಕಣ್ಣು, ಕಿವಿ, ಮೂಗು ಎಂದು ಹಾಡು ಕಟ್ಟಿ ಕಲಿಸುವ ನಾವು ಹೊಟ್ಟೆಯಿಂದ ಒಮ್ಮೆಲೇ ಮೊಣಕಾಲಿಗೆ ಹಾರುತ್ತೇವೆ. ನಡುವಿನದಕ್ಕೆ ಮಗುವಿನ ಬಾಯಲ್ಲಿ ಉಳಿಯುವುದು ಬೈಗುಳದ ಶಬ್ದವೊಂದೇ. ನಾಲ್ಕನೆಯ ಇಯತ್ತೆಯ ಪರಿಸರ ಪಾಠದಲ್ಲಿ ನಾವು ಈಗ ಕಟಿ, ಮೂತ್ರದ್ವಾರ, ಗುದದ್ವಾರ, ಜನನಾಂಗ ಎಂಬ ಶಬ್ದಗಳನ್ನು ಮಿಕ್ಕ ಅಂಗಗಳ ಸಾಲಿನಲ್ಲಿಯೇ ಫಲಕದ ಮೇಲೆ ಬರೆಯುತ್ತೇವೆ. ಅವುಗಳ ಮುಂದೆ ಉರಿ, ಚುಚ್ಚು, ಸೆಳೆತ, ಜೋಮು, ಹಿಂಡು, ಸಿಡಿತ ಎಂಬ ನೋವಿನ ಶಬ್ದಗಳನ್ನೂ ಬರೆಯುತ್ತೇವೆ. ಮೊದಲ ದಿನ ಮಕ್ಕಳು ಮುಸಿಮುಸಿ ನಕ್ಕರು. ಮೂರನೆಯ ದಿನ ಶುದ್ಧವಾಗಿ ಬರೆದುಕೊಂಡರು. ಕಳೆದ ತಿಂಗಳು ಹುಡುಗಿಯೊಬ್ಬಳು ಹತ್ತಿರ ಬಂದು, "ಅಕ್ಕೋರೆ, ಮೂತ್ರಕ್ಕ ಹೋದಾಗ ಉರೀತದರಿ, ಚುಚ್ಚಂಗಿಲ್ಲ" ಎಂದಳು. ಆಕೆಯ ತಾಯಿಗೆ ತಿಳಿಸಿ ದವಾಖಾನೆಗೆ ಕಳುಹಿಸಿದೆವು. ಸೋಂಕಿಗೆ ಔಷಧ ದೊರೆತು ನಾಲ್ಕು ದಿನಗಳಲ್ಲಿ ಹುಡುಗಿ ಶಾಲೆಗೆ ಮರಳಿದಳು. ಶಿಕ್ಷಕ ಬಂಧುಗಳೂ ಭಗಿನಿಯರೂ ತಮ್ಮ ತಮ್ಮ ವರ್ಗದ ಫಲಕದ ಮೇಲೆ ಆ ಹತ್ತು ಶಬ್ದಗಳನ್ನು ಒಮ್ಮೆ ಬರೆದು ನೋಡಬೇಕೆಂದು ನಮ್ಮ ಬಿನ್ನಹ.